ಭಾಗಾಕಾರದ ಭಯ

ಗಣಿತದ ನಾಲ್ಕು ಮೂಲಕ್ರಿಯೆಗಳಲ್ಲಿ ಮೂರನ್ನು ಹೇಗೋ ದಾಟಿ ಬಂದ ಮಕ್ಕಳು ನಾಲ್ಕನೆಯದರ ಹೊಸ್ತಿಲಲ್ಲಿ ನಿಂತುಬಿಡುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಕೂಡುವುದು ಬಂದಿತು, ಕಳೆಯುವುದು ಬಂದಿತು, ಮಗ್ಗಿಯ ಬಲದಿಂದ ಗುಣಿಸುವುದೂ ಬಂದಿತು; ಭಾಗಾಕಾರವೆಂದೊಡನೆ ಮುಖ ಬಾಡುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಪುಸ್ತಕ ಬಿಚ್ಚಿ ಕುಳಿತ ಮಗುವು ಲೆಕ್ಕವನ್ನು ನೋಡುತ್ತ ಪೆನ್ಸಿಲಿನ ತುದಿಯನ್ನು ಕಚ್ಚುತ್ತದೆ. ತಂದೆ ಒಂದು ಸಲ ಹೇಳಿಕೊಡುತ್ತಾನೆ. ಎರಡನೆಯ ಸಲ ಗದರುತ್ತಾನೆ. ಮೂರನೆಯ ಸಲ "ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂದು ತೀರ್ಪು ಕೊಟ್ಟು ಎದ್ದುಹೋಗುತ್ತಾನೆ. ಆ ತೀರ್ಪನ್ನು ಮಗು ನಂಬಿಬಿಡುತ್ತದೆ. ವ್ಯಸನಪಡಬೇಕಾದ ಸಂಗತಿ ಇದೇ. ಲೆಕ್ಕ ತಪ್ಪಿದರೆ ನಾಳೆ ತಿದ್ದಬಹುದು. ತನಗೆ ಲೆಕ್ಕವೇ ಬಾರದೆಂಬ ನಂಬಿಕೆ ಒಮ್ಮೆ ಬೇರೂರಿತೆಂದರೆ ಅದನ್ನು ಕಿತ್ತುಹಾಕುವುದು ಸುಲಭಸಾಧ್ಯವಲ್ಲ.

ಇದು ಒಂದೆರಡು ಮನೆಗಳ ಮಾತೂ ಅಲ್ಲ. ನಮ್ಮ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ಮನೆಮನೆಗೂ ಹೋಗಿ ಮಕ್ಕಳ ಓದನ್ನೂ ಲೆಕ್ಕವನ್ನೂ ಪರೀಕ್ಷಿಸಿ ಪ್ರಕಟಿಸುವ ‘ಅಸರ್’ ವರದಿಯೊಂದುಂಟು. ಅದರ ೨೦೨೪ರ ಲೆಕ್ಕದಂತೆ, ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ ಸುಮಾರು ೩೧ ಮಂದಿ. ಉಳಿದ ೬೯ ಮಂದಿಯೂ ಮಂದಬುದ್ಧಿಗಳೆಂದು ಹೇಳುವುದಕ್ಕೆ ಯಾರಿಗಾದರೂ ನಾಲಗೆ ಬಂದೀತೇ? ದೋಷವಿರುವುದು ಮಕ್ಕಳ ಬುದ್ಧಿಯಲ್ಲಲ್ಲ, ಅವರನ್ನು ನಡೆಸಿಕೊಂಡು ಹೋಗುವ ದಾರಿಯಲ್ಲಿ ಎಂದು ನಾನು ಬಹುಕಾಲದ ಪಾಠದ ಅನುಭವದಿಂದ ನಂಬಿದ್ದೇನೆ.

ಸಾಮಾನ್ಯವಾಗಿ ನಡೆಯುವ ಪಾಠಕ್ರಮವನ್ನು ಸ್ವಲ್ಪ ನೋಡೋಣ. ನಡುವೆ ಭಾಜ್ಯವನ್ನು ಬರೆದು ಎಡಗಡೆಗೆ ಭಾಜಕವನ್ನಿಟ್ಟು, "ಎಂಟರಲ್ಲಿ ನಾಲ್ಕು ಎಷ್ಟು ಸಲ ಹೋಗುತ್ತದೆ? ಎರಡು ಸಲ. ಮೇಲೆ ಎರಡು ಬರೆ, ಕೆಳಗೆ ಎಂಟು ಬರೆ, ಕಳೆ, ಮುಂದಿನ ಅಂಕಿಯನ್ನು ಇಳಿಸು" ಎಂದು ಮಂತ್ರದಂತೆ ಹೇಳಿಸುತ್ತೇವೆ. ಮಂತ್ರಕ್ಕೆ ಅರ್ಥ ತಿಳಿಯದಿದ್ದರೂ ಫಲವುಂಟೆಂಬುದು ಶ್ರದ್ಧಾವಂತರ ಮಾತು. ಗಣಿತದಲ್ಲಿ ಮಾತ್ರ ಆ ನ್ಯಾಯ ನಡೆಯುವುದಿಲ್ಲ. ಒಂದು ಹೆಜ್ಜೆ ಮರೆತರೆ ಅರ್ಥವರಿಯದ ಮಗುವಿಗೆ ಹಿಂದಕ್ಕೆ ಬರುವ ದಾರಿಯೇ ಕಾಣದು. ಒಮ್ಮೆ ತರಗತಿಯಲ್ಲಿ ಒಬ್ಬ ಪುಟ್ಟ ಹುಡುಗನು ಎದ್ದು ನಿಂತು, "ಹೋಗುತ್ತದೆ ಅಂತೀರಲ್ಲ ಸಾರ್, ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದನು. ಉಳಿದವರು ನಕ್ಕರು. ನನಗೆ ಆ ಪ್ರಶ್ನೆ ನಗುವಂಥದಾಗಿ ತೋರಲಿಲ್ಲ. ಆ ವರ್ಷ ತರಗತಿಯಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಒಳ್ಳೆಯ ಪ್ರಶ್ನೆ.

ಅದಕ್ಕೆ ಉತ್ತರ ನಮ್ಮ ಭಾಷೆಯಲ್ಲಿಯೇ ಅಡಗಿದೆ. "ಹತ್ತರಲ್ಲಿ ಮೂರು ಹೋದರೆ ಎಷ್ಟು?" ಎಂದು ಕಳೆಯುವ ಲೆಕ್ಕದಲ್ಲಿ ಕೇಳುತ್ತೇವೆ. "ಹನ್ನೆರಡರಲ್ಲಿ ಮೂರು ಎಷ್ಟು ಸಲ ಹೋಗುತ್ತದೆ?" ಎಂದು ಭಾಗಾಕಾರದಲ್ಲಿ ಕೇಳುತ್ತೇವೆ. ಕ್ರಿಯಾಪದ ಎರಡು ಕಡೆಯೂ ಒಂದೇ. ಹೋಗುವುದೆಂದರೆ ರಾಶಿಯಿಂದ ಹೊರಕ್ಕೆ ಹೋಗುವುದು, ಕಳೆದುಹೋಗುವುದು. ಹನ್ನೆರಡರಿಂದ ಮೂರನ್ನು ತೆಗೆದರೆ ಒಂಬತ್ತು, ಮತ್ತೆ ತೆಗೆದರೆ ಆರು, ಮತ್ತೆ ತೆಗೆದರೆ ಮೂರು, ಮತ್ತೊಮ್ಮೆ ತೆಗೆದರೆ ಶೂನ್ಯ. ನಾಲ್ಕು ಸಲ ಹೋಯಿತು. ಆದಕಾರಣ ಭಾಗಲಬ್ಧ ನಾಲ್ಕು. ಭಾಗಾಕಾರವೆಂಬುದು ಹೊಸ ವಿದ್ಯೆಯಲ್ಲ. ಒಂದೇ ಮೊತ್ತವನ್ನು ಮೇಲಿಂದ ಮೇಲೆ ಕಳೆಯುತ್ತ, ಎಷ್ಟು ಸಲ ಕಳೆದೆವೆಂದು ಎಣಿಸುವುದು, ಅಷ್ಟೆ. ಕಳೆಯಬಲ್ಲ ಮಗುವಿನ ಕೈಯಲ್ಲಿ ಭಾಗಾಕಾರ ಆಗಲೇ ಇದೆ.

ಸಂಸ್ಕೃತದ ಗಣಿತಗ್ರಂಥಗಳು ಈ ಕ್ರಿಯೆಗೆ ಇಟ್ಟ ಹೆಸರು ‘ಭಾಗಹಾರ’. ‘ಹೃ’ ಧಾತುವಿಗೆ ಒಯ್ಯುವುದು, ತೆಗೆದುಕೊಂಡು ಹೋಗುವುದು ಎಂದರ್ಥ. ಅಪಹಾರ, ಪರಿಹಾರ, ಸಂಹಾರ ಎಂಬ ಶಬ್ದಗಳಲ್ಲಿರುವುದೂ ಅದೇ ಧಾತು. ಭಾಗಭಾಗವಾಗಿ ತೆಗೆದುಹಾಕುವುದೇ ಭಾಗಹಾರ. ಭಾಜಕಕ್ಕೆ ‘ಹರ’ವೆಂದು ಹೆಸರು: ತೆಗೆದೊಯ್ಯುವಂಥದು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಅದರ ಮೊದಲ ಭಾಗವಾದ ಲೀಲಾವತಿಯಲ್ಲಿ ಹೇಳುವ ವಿಧಿಯ ತಾತ್ಪರ್ಯ ಇಷ್ಟು: ಭಾಜ್ಯದ ಅತ್ಯುಚ್ಚ ಸ್ಥಾನದ ಅಂಕದಿಂದ ಮೊದಲ್ಗೊಂಡು, ಹರವನ್ನು ಎಷ್ಟರಿಂದ ಗುಣಿಸಿದರೆ ಅದು ಭಾಜ್ಯದಿಂದ ಕಳೆದುಹೋಗುವುದೋ ಆ ಸಂಖ್ಯೆಯೇ ಫಲ. ಕಳೆದುಹೋಗುವುದಕ್ಕೆ ಅವನು ಬಳಸಿರುವ ಕ್ರಿಯಾಪದ ‘ಶುಧ್ಯತಿ’. ಕಳೆಯುವ ಕ್ರಿಯೆಗೆ ಗಣಿತದಲ್ಲಿ ‘ಶೋಧನ’ವೆಂಬ ಹೆಸರೂ ಉಂಟು. ಹೀಗೆ, ಭಾಗಿಸುವುದೆಂದರೆ ಕಳೆಯುವುದೆಂಬ ಮಾತು ನನ್ನ ಕಲ್ಪನೆಯಲ್ಲ. ಹೆಸರಿನಲ್ಲಿಯೂ ವಿಧಿಯಲ್ಲಿಯೂ ಹಿರಿಯರು ಅದನ್ನು ಸ್ಪಷ್ಟವಾಗಿಯೇ ಇಟ್ಟುಹೋಗಿದ್ದಾರೆ.

ಮನೆಯಲ್ಲಿ ಇದನ್ನು ಕಲಿಸುವುದಕ್ಕೆ ಹಲಗೆಯೂ ಬೇಡ, ಪುಸ್ತಕವೂ ಬೇಡ. ಒಂದು ಹಿಡಿ ಹುಣಿಸೆಬೀಜ ಸಾಕು. ಇಪ್ಪತ್ತು ಬೀಜಗಳನ್ನು ಎಣಿಸಿ ರಾಶಿ ಹಾಕಿಸಬೇಕು. ಅದರಿಂದ ನಾಲ್ಕು ನಾಲ್ಕಾಗಿ ತೆಗೆದು ಬೇರೆಯಾಗಿಡುವಂತೆ ಮಗುವಿಗೆ ಹೇಳಬೇಕು. ಒಂದೊಂದು ಸಲ ತೆಗೆದಾಗಲೂ ಪಕ್ಕದಲ್ಲಿ ಒಂದು ಕಲ್ಲುಹರಳನ್ನು ಇಡಿಸತಕ್ಕದ್ದು. ಈ ಹರಳನ್ನು ಅಲಕ್ಷಿಸಬಾರದು. ಮಕ್ಕಳಲ್ಲಿ ಬಹುಮಂದಿ ತಪ್ಪುವುದು ಕಳೆಯುವುದರಲ್ಲಲ್ಲ. ಎಷ್ಟು ತೆಗೆದೆನೆಂಬುದನ್ನೂ ಎಷ್ಟು ಸಲ ತೆಗೆದೆನೆಂಬುದನ್ನೂ ಒಂದಕ್ಕೊಂದು ಬೆರಸಿಬಿಡುವುದರಲ್ಲಿ. ಹರಳುಗಳು ಬೇರೆ, ಬೀಜಗಳು ಬೇರೆ ಎಂದು ಕಣ್ಣಿಗೆ ಕಂಡರೆ ಆ ಗೊಂದಲ ತಾನಾಗಿಯೇ ನಿಲ್ಲುತ್ತದೆ. ಭತ್ತ ಅಳೆಯುವವರು ಮೊದಲನೆಯ ಅಳತೆಗೆ ‘ಲಾಭ’ ಎಂದು ಹೇಳಿ, ‘ಎರಡು, ಮೂರು’ ಎಂದು ಮುಂದುವರಿಸುವುದನ್ನು ಹಳ್ಳಿಯ ವಾಚಕರು ಕೇಳಿರಬಹುದು. ರಾಶಿ ಕರಗುತ್ತಿರುವಾಗ ಅವರ ಬಾಯಿ ಎಣಿಸುತ್ತಿರುವುದು ಭತ್ತವನ್ನಲ್ಲ, ಸಲಗಳನ್ನು. ಕಣದಲ್ಲಿ ನಡೆಯುವುದು ಭಾಗಾಕಾರವೇ.

ಇಲ್ಲಿ ಬುದ್ಧಿವಂತ ಮಗುವೊಂದು ತಡೆದು ಕೇಳಬಹುದು: "ಹನ್ನೆರಡು ಉಂಡೆಗಳನ್ನು ನಾಲ್ಕು ಜನಕ್ಕೆ ಹಂಚುವಾಗ ನಾವು ಕಳೆಯುವುದಿಲ್ಲವಲ್ಲ, ಹಂಚುತ್ತೇವಲ್ಲ?" ಪ್ರಶ್ನೆ ನ್ಯಾಯವಾದುದೇ. ಒಂದೊಂದು ತಟ್ಟೆಗೆ ನಾಲ್ಕು ನಾಲ್ಕು ಉಂಡೆಯಿಟ್ಟರೆ ಎಷ್ಟು ತಟ್ಟೆಯಾಯಿತು ಎಂಬುದು ಒಂದು ಬಗೆ. ನಾಲ್ಕು ಜನರಿದ್ದರೆ ಒಬ್ಬೊಬ್ಬರಿಗೆ ಎಷ್ಟು ಎಂಬುದು ಇನ್ನೊಂದು ಬಗೆ. ಆದರೆ ತಾಯಿ ಹಂಚುವ ರೀತಿಯನ್ನು ನೋಡಿ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು: ಡಬ್ಬದಿಂದ ನಾಲ್ಕು ಹೋಯಿತು. ಎರಡನೆಯ ಸುತ್ತಿನಲ್ಲಿ ಮತ್ತೆ ನಾಲ್ಕು, ಮೂರನೆಯದರಲ್ಲಿ ಮತ್ತೆ ನಾಲ್ಕು. ಮೂರು ಸುತ್ತಿಗೆ ಡಬ್ಬ ಬರಿದಾಯಿತು. ಒಬ್ಬೊಬ್ಬರ ಕೈಯಲ್ಲಿಯೂ ಮೂರು ಉಂಡೆ. ಸುತ್ತುಗಳ ಸಂಖ್ಯೆಯೇ ಒಬ್ಬೊಬ್ಬರ ಪಾಲು. ಹೀಗೆ ಎರಡು ಬಗೆಯ ಪ್ರಶ್ನೆಯೂ ಒಂದೇ ಕಳೆಯುವ ಕ್ರಿಯೆಯಲ್ಲಿ ಬಂದು ಕೂಡುತ್ತವೆ.

ಈ ಕ್ರಮದ ಬಲವನ್ನು ನಾನು ಕಣ್ಣಾರೆ ಕಂಡದ್ದು ಒಬ್ಬ ಹೂವಾಡಗಿತ್ತಿಯ ಮಗಳಲ್ಲಿ. ಐದನೆಯ ತರಗತಿಯಲ್ಲಿದ್ದ ಹುಡುಗಿ. ಪಾಠದ ವೇಳೆಯಲ್ಲಿ ಮೌನಿ. ಭಾಗಾಕಾರದ ಲೆಕ್ಕ ಕೊಟ್ಟರೆ ಪುಟವನ್ನು ಖಾಲಿಯಾಗಿಯೇ ತಂದೊಪ್ಪಿಸುವಳು. ಅವಳ ತಾಯಿ ಒಂದು ದಿನ ಶಾಲೆಗೆ ಬಂದು, "ಇವಳಿಗೆ ಲೆಕ್ಕ ಹತ್ತೋದಿಲ್ಲ ಮೇಷ್ಟ್ರೇ. ಈ ವರ್ಷಕ್ಕೆ ಸಾಕು ಮಾಡ್ತೀನಿ. ಹೂ ಕಟ್ಟಿಕೊಂಡಾದರೂ ನನ್ನ ಜೊತೆ ಇರಲಿ" ಎಂದಳು. ಒಂದು ವರ್ಷ ನೋಡೋಣ ತಾಯಿ ಎಂದು ಹೇಳಿ ಕಳುಹಿಸಿದೆ. ಆ ವಾರದಲ್ಲಿಯೇ ಒಂದು ಸಂಜೆ ದೇವಸ್ಥಾನದ ಮುಂದೆ ಹೂವು ಕೊಳ್ಳಲು ನಿಂತಿದ್ದಾಗ ಯಾರೋ ಗೃಹಸ್ಥರು ಬಂದು, ಆರಾರು ಮೊಳದ ಹಾರಗಳು ಬೇಕೆಂದೂ, ಇರುವ ಹೂವಿನಲ್ಲಿ ಎಷ್ಟಾಗುತ್ತವೆಂದೂ ಕೇಳಿದರು. ಬುಟ್ಟಿಯಲ್ಲಿದ್ದದ್ದು ಐವತ್ತು ಮೊಳ. ತಾಯಿ ಬಾಯಿ ತೆರೆಯುವುದರೊಳಗಾಗಿ ಹುಡುಗಿ, "ಎಂಟು ಆಗುತ್ತೆ, ಎರಡು ಮೊಳ ಮಿಗುತ್ತೆ" ಎಂದಳು.

ಹೇಗೆ ಹೇಳಿದೆ ಮಗು ಎಂದು ಕೇಳಿದೆ. ಮೊದಲು ನಾಚಿದಳು, ಆಮೇಲೆ ಹೇಳಿದಳು: "ಐದು ಹಾರಕ್ಕೆ ಮೂವತ್ತು ಮೊಳ ತೆಗೆದೆ ಸಾರ್. ಇಪ್ಪತ್ತು ಉಳೀತು. ಇನ್ನು ಮೂರು ಹಾರಕ್ಕೆ ಹದಿನೆಂಟು. ಎರಡು ಮಿಕ್ಕಿತು." ಮರುದಿನ ಅವಳು ಆಡಿದ ಮಾತನ್ನೇ ಒಂದರ ಕೆಳಗೊಂದಾಗಿ ಕಪ್ಪುಹಲಗೆಯ ಮೇಲೆ ಬರೆದೆ: ಐವತ್ತು, ಅದರಿಂದ ಮೂವತ್ತು ಹೋಯಿತು, ಐದು ಸಲ, ಉಳಿದ ಇಪ್ಪತ್ತರಿಂದ ಹದಿನೆಂಟು ಹೋಯಿತು, ಮೂರು ಸಲ, ಒಟ್ಟು ಎಂಟು ಸಲ, ಶೇಷ ಎರಡು. ಇದೇ ಭಾಗಾಕಾರವಮ್ಮ ಎಂದೆ. ಅವಳು ಹಲಗೆಯನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಅಂದಿನಿಂದ ಪುಟ ಖಾಲಿಯಾಗಿ ಬರಲಿಲ್ಲ. ಆಕೆ ಮುಂದೆ ದೊಡ್ಡ ಗಣಿತಜ್ಞೆಯಾದಳೆಂದು ನಾನು ಹೇಳಹೊರಟಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ಆರನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿತ್ತು; ಅಷ್ಟು ನನಗೆ ಸಾಕಾಗಿತ್ತು.

ಇದಕ್ಕೆ ಹಿರಿಯರಿಂದ ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ. "ಸಾವಿರವನ್ನು ನಾಲ್ಕರಿಂದ ಭಾಗಿಸಬೇಕಾದರೆ ಇನ್ನೂರೈವತ್ತು ಸಲ ಕಳೆಯುತ್ತ ಕೂರಬೇಕೇ? ಮಗ್ಗಿ ಬಾಯಿಪಾಠವಿದ್ದರೆ ಇವೆಲ್ಲ ಏತಕ್ಕೆ?" ಎನ್ನುತ್ತಾರೆ. ಮಗ್ಗಿ ಬೇಡವೆಂದು ನಾನು ಹೇಳುವುದಿಲ್ಲ; ನಾನೂ ಮಗ್ಗಿಯ ಪಕ್ಷಪಾತಿಯೇ. ಆದರೆ ಮಗ್ಗಿ ಉಗ್ರಾಣದ ಸಾಮಾನಿನಂತೆ. ಯಾವಾಗ, ಏತಕ್ಕೆ ತೆಗೆಯಬೇಕೆಂಬುದು ತಿಳಿಯದಿದ್ದರೆ ಉಗ್ರಾಣ ತುಂಬಿದ್ದೂ ಅಡಿಗೆಯಾಗದು. ಮೇಲಿಂದ ಮೇಲೆ ಕಳೆಯುವ ಬೇಸರವೇ ಮಗುವನ್ನು ಮಗ್ಗಿಯ ಬಾಗಿಲಿಗೆ ಕರೆತರುತ್ತದೆ.

೧೫೬ನ್ನು ೧೨ರಿಂದ ಭಾಗಿಸುವ ಲೆಕ್ಕವನ್ನು ಕೊಡಿ. ಮಗು ಮೊದಲು ಒಂದೊಂದೇ ಹನ್ನೆರಡನ್ನು ಕಳೆಯುತ್ತದೆ: ೧೪೪, ೧೩೨, ೧೨೦. ನಾಲ್ಕನೆಯ ಸಲಕ್ಕೆ ಬೇಸತ್ತು, "ಎರಡು ಹನ್ನೆರಡು ಒಟ್ಟಿಗೆ ತೆಗೆಯಲೇ?" ಎಂದು ಕೇಳುತ್ತದೆ. ಧಾರಾಳವಾಗಿ ತೆಗೆ ಎನ್ನಬೇಕು. ಎರಡು ಸಲವೆಂದು ಬರೆದಿಟ್ಟುಕೊಳ್ಳುವುದನ್ನು ಮಾತ್ರ ನೆನಪಿಸಬೇಕು. ಕೆಲವು ದಿನಗಳಲ್ಲಿ ಅದೇ ಮಗುವು ಹತ್ತು ಹನ್ನೆರಡನ್ನು ಒಂದೇ ಕಂತೆಯಾಗಿ ತೆಗೆಯುವ ಉಪಾಯವನ್ನು ಕಂಡುಕೊಳ್ಳುತ್ತದೆ: ೧೫೬ರಿಂದ ೧೨೦ ಹೋದರೆ ೩೬, ಅದರಲ್ಲಿ ‘ಹನ್ನೆರಡು ಮೂರಲ ಮೂವತ್ತಾರು’, ಹತ್ತೂ ಮೂರೂ ಹದಿಮೂರು. ಸೋಮಾರಿತನವನ್ನು ನಾವು ಬೈಯುತ್ತೇವೆ. ಗಣಿತದಲ್ಲಿ ಅದು ಹಲವು ವೇಳೆ ಸದ್ಗುಣ. ಕಿರಿದಾದ ದಾರಿ ಬೇಕೆಂಬ ಆಸೆ ಮಗುವಿನಲ್ಲಿ ಹುಟ್ಟಿದ ಮೇಲೆ ತೋರಿಸಿದ ದಾರಿಯನ್ನು ಅದು ಎಂದೂ ಮರೆಯದು.

ನಾವು ಕಾಗದದ ಮೇಲೆ ಮಾಡುವ ದೀರ್ಘ ಭಾಗಾಕಾರವು ಈ ಕಂತೆಗಳ ಕಳೆಯುವಿಕೆಯ ಸಂಕ್ಷಿಪ್ತ ರೂಪವೇ ಹೊರತು ಬೇರೆಯಲ್ಲ. ಆ ಸಂಕ್ಷೇಪವನ್ನೇ ಮೊದಲು ಕಲಿಸಿದರೆ ಆಗುವ ಅನರ್ಥಕ್ಕೆ ಒಂದು ನಿದರ್ಶನ ಹೇಳುತ್ತೇನೆ. ೮೨೪ನ್ನು ೮ರಿಂದ ಭಾಗಿಸಿರೆಂದರೆ ಅನೇಕ ಮಕ್ಕಳು ೧೩ ಎಂದು ಬರೆಯುತ್ತಾರೆ. ಎಂಟರಲ್ಲಿ ಎಂಟು ಒಂದು ಸಲ. ಎರಡರಲ್ಲಿ ಎಂಟು ಹೋಗದು, ಆದ್ದರಿಂದ ನಾಲ್ಕನ್ನೂ ಇಳಿಸಿ ಇಪ್ಪತ್ತನಾಲ್ಕರಲ್ಲಿ ಮೂರು ಸಲ. ನಡುವೆ ಬರೆಯಬೇಕಾದ ಸೊನ್ನೆ ತಪ್ಪಿಹೋಯಿತು. "ಎಂಟು ಜನಕ್ಕೆ ಹದಿಮೂರು ಹದಿಮೂರು ರೂಪಾಯಿ ಕೊಟ್ಟರೆ ನೂರನಾಲ್ಕೇ ಆಯಿತು, ಮಿಕ್ಕ ಏಳುನೂರ ಇಪ್ಪತ್ತು ಯಾರ ಜೇಬಿಗೆ ಹೋಯಿತು?" ಎಂದು ಕೇಳಿದರೆ ಬೆಬ್ಬಳಿಸುತ್ತಾರೆ. ಕಳೆಯುತ್ತ ಬಂದ ಮಗುವಿಗೆ ಈ ತಪ್ಪು ಆಗುವ ಸಂಭವ ಕಡಮೆ. ಅದು ಮೊದಲು ನೂರು ಎಂಟುಗಳನ್ನು, ಎಂದರೆ ಎಂಟುನೂರನ್ನು, ತೆಗೆಯುತ್ತದೆ. ಉಳಿದ ಇಪ್ಪತ್ತನಾಲ್ಕರಿಂದ ಮೂರು ಎಂಟುಗಳನ್ನು ತೆಗೆಯುತ್ತದೆ. ನೂರೂ ಮೂರೂ ನೂರಮೂರು. ಮೊದಲಿನ ‘ಒಂದು’ ವಾಸ್ತವವಾಗಿ ನೂರೆಂಬುದು ಅದರ ಕಣ್ಣಿಗೆ ಎಂದೂ ಮರೆಯಾಗುವುದಿಲ್ಲ.

ಇನ್ನು ಶೇಷದ ವಿಷಯ. ಶೇಷವು ಭಾಜಕಕ್ಕಿಂತ ಚಿಕ್ಕದಾಗಿರಬೇಕೆಂದು ಸೂತ್ರ ಹೇಳಿಸುತ್ತೇವೆ. ಬೀಜಗಳನ್ನು ತೆಗೆಯುತ್ತಿರುವ ಮಗುವಿಗೆ ಸೂತ್ರವೇ ಬೇಕಿಲ್ಲ. ಇನ್ನೊಂದು ಸಲ ತೆಗೆಯಲು ಸಾಲದಷ್ಟು ಉಳಿದಾಗ ಕೈ ತಾನಾಗಿ ನಿಲ್ಲುತ್ತದೆ. ಆದರೆ ಉಳಿದದ್ದನ್ನು ಏನು ಮಾಡಬೇಕೆಂಬುದು ಲೆಕ್ಕಕ್ಕಿಂತ ಹೆಚ್ಚಾಗಿ ವಿವೇಕದ ಪ್ರಶ್ನೆ. ಐವತ್ತು ಜನ ಊಟಕ್ಕೆ ಬರುತ್ತಾರೆ, ಪಂಕ್ತಿಗೆ ಹನ್ನೆರಡು ಎಲೆ. ನಾಲ್ಕು ಪಂಕ್ತಿ ಮುಗಿದ ಮೇಲೆ ಇಬ್ಬರು ಉಳಿಯುತ್ತಾರೆ. ಅವರನ್ನು ‘ಶೇಷ ೨’ ಎಂದು ಬರೆದು ಕೈತೊಳೆದುಕೊಳ್ಳಬಹುದೇ? ಐದನೆಯ ಪಂಕ್ತಿ ಹಾಕಲೇಬೇಕು. ಹೂವಿನ ಹಾರದಲ್ಲಾದರೋ ಮಿಕ್ಕ ಎರಡು ಮೊಳದಿಂದ ಒಂಬತ್ತನೆಯ ಹಾರವಾಗದು. ಒಂದೇ ಬಗೆಯ ಲೆಕ್ಕ, ಎರಡು ಬಗೆಯ ತೀರ್ಮಾನ. ಇಂಥ ಪ್ರಶ್ನೆಗಳನ್ನು ಕೇಳುವುದಕ್ಕೆ ಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಕೆಲವು ಲೆಕ್ಕಗಳಲ್ಲಿ ಭಾಗಲಬ್ಧಕ್ಕೆ ಬೆಲೆಯೇ ಇಲ್ಲ, ಶೇಷವೇ ಸರ್ವಸ್ವ. ಪಂಚಾಂಗದ ಗಣಿತ ಅಂಥದು. ಅಲ್ಲಿ ಹೀಗೆ ಉಳಿಸಿಕೊಂಡ ಶೇಷಕ್ಕೆ ‘ತಷ್ಟ’ವೆಂಬ ಮಾತುಂಟು, ಬಡಗಿಯು ಮರವನ್ನು ಕೆತ್ತುವ ‘ತಕ್ಷ್’ ಧಾತುವಿನಿಂದ ಹುಟ್ಟಿದ ಶಬ್ದ. ಕೆತ್ತಿ ಕೆತ್ತಿ ತೆಗೆದ ಮೇಲೆ ಉಳಿದದ್ದು ತಷ್ಟ: ಕಳೆಯುವ ಭಾವಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು. ಸಂವತ್ಸರವನ್ನು ತಿಳಿಯುವ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ ನೋಡಿ. ಶಾಲಿವಾಹನ ಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ, ಅರುವತ್ತರವತ್ತಾಗಿ ಕಳೆಯುತ್ತ ಹೋಗಬೇಕು. ೨೦೨೫ರ ಯುಗಾದಿಯಂದು ಮೊದಲಾದದ್ದು ಶಕ ೧೯೪೭. ಹನ್ನೆರಡು ಸೇರಿದರೆ ೧೯೫೯. ಮೂವತ್ತು ಅರುವತ್ತುಗಳನ್ನು, ಎಂದರೆ ೧೮೦೦ನ್ನು, ತೆಗೆದರೆ ೧೫೯; ಇನ್ನೆರಡು ಅರುವತ್ತುಗಳನ್ನು ತೆಗೆದರೆ ೩೯. ಪ್ರಭವದಿಂದ ಎಣಿಸಿದರೆ ಮೂವತ್ತೊಂಬತ್ತನೆಯದು ವಿಶ್ವಾವಸು. ತಾತನು ಸಂಕಲ್ಪದಲ್ಲಿ ಹೇಳುವ ಹೆಸರು ತನ್ನ ಲೆಕ್ಕದಿಂದಲೇ ಹೊರಬಿದ್ದಾಗ ಮಗುವಿಗಾಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ಕಳೆಯುವ ದೃಷ್ಟಿ ದೊಡ್ಡವರ ಒಂದು ತೊಡಕನ್ನೂ ಬಿಡಿಸುತ್ತದೆ. ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ? ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮಾರ್ಪಡದೆ ಹಾಗೆಯೇ ಉಳಿಯುವುದೆಂದು ಹೇಳಿದನು. ಭಾಸ್ಕರಾಚಾರ್ಯನು ಅದನ್ನು ‘ಖಹರ’ವೆಂದು ಕರೆದು ಅನಂತಕ್ಕೆ ಹೋಲಿಸಿದನು. ಇಂದಿನ ಗಣಿತವು ಎರಡನ್ನೂ ಒಪ್ಪದೆ, ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಬೀಜಗಳ ರಾಶಿಯ ಮುಂದೆ ಕುಳಿತರೆ ಮೂರು ಮಾತುಗಳ ಮೂಲವೂ ಕಾಣುತ್ತದೆ. ಪ್ರತಿಸಲವೂ ಏನನ್ನೂ ತೆಗೆಯದೆ ಕೈಯಾಡಿಸಿದರೆ ರಾಶಿ ಇದ್ದಷ್ಟೇ ಇರುತ್ತದೆ. ಉಳಿದುದರ ಮೇಲೆ ಕಣ್ಣಿಟ್ಟವನಿಗೆ ಮಹಾವೀರನ ಮಾತು ತೋರುತ್ತದೆ. ಎಷ್ಟು ಸಲ ಕೈಯಾಡಿಸಿದರೂ ಕೊನೆಯಿಲ್ಲ. ಸಲಗಳ ಮೇಲೆ ಕಣ್ಣಿಟ್ಟವನಿಗೆ ಭಾಸ್ಕರನ ಮಾತು ತೋರುತ್ತದೆ. ರಾಶಿ ಎಂದೂ ಮುಗಿಯದ ಕಾರಣ ‘ಎಷ್ಟು ಸಲ’ ಎಂಬ ಪ್ರಶ್ನೆಗೇ ಉತ್ತರವಿಲ್ಲವೆಂಬುದು ಇಂದಿನ ನಿರ್ಣಯ.

ಯಂತ್ರಗಳೂ ಹಿಡಿದದ್ದು ಇದೇ ದಾರಿಯನ್ನು. ವಿದ್ಯುತ್ತಿನ ಗಣಕಗಳು ಬರುವುದಕ್ಕೆ ಮುಂಚೆ ಕಚೇರಿಗಳಲ್ಲಿದ್ದ ಕೈಹಿಡಿಕೆಯ ಲೆಕ್ಕದ ಯಂತ್ರಗಳಲ್ಲಿ ಭಾಗಿಸಬೇಕಾದರೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸುತ್ತ ಭಾಜಕವನ್ನು ಮೇಲಿಂದ ಮೇಲೆ ಕಳೆಯುತ್ತಿದ್ದರು. ಒಂದು ಸಲ ಹೆಚ್ಚಾಗಿ ಕಳೆದೊಡನೆ ಗಂಟೆ ಬಾರಿಸುತ್ತಿತ್ತು. ಆಗ ಒಂದು ಸುತ್ತು ಮುಂದಕ್ಕೆ ತಿರುಗಿಸಿ ಸರಿಪಡಿಸಿಕೊಂಡು ಮುಂದಿನ ಸ್ಥಾನಕ್ಕೆ ಸರಿಯುತ್ತಿದ್ದರು. ತಪ್ಪಿದವನನ್ನು ಬೈಯದೆ, ಒಂದು ಹೆಜ್ಜೆ ಹಿಂದಕ್ಕೆ ಬಾ ಎಂದಷ್ಟೇ ಹೇಳುವ ಆ ಗಂಟೆಯ ಸೌಜನ್ಯ ನಮ್ಮಂಥ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಇದ್ದರೆ ಎಷ್ಟು ಚೆನ್ನು!

ಈ ಕ್ರಮಕ್ಕೆ ಮೇರೆಯಿಲ್ಲವೆಂದು ವಾಚಕರು ತಿಳಿಯಬಾರದು. ಮೂರು ಸೇರು ಅಕ್ಕಿಯನ್ನು ಅರ್ಧ ಸೇರಿನಿಂದ ಭಾಗಿಸಿದರೆ ಆರು ಬರುವುದೇಕೆ, ಭಾಗಿಸಿದರೆ ಕಡಮೆಯಾಗಬೇಕಲ್ಲ ಎಂದು ಬೆರಗಾಗುವ ಮಕ್ಕಳಿಗೆ ಅರ್ಧ ಸೇರಿನ ಅಳತೆಯಿಂದ ಆರು ಸಲ ತೆಗೆಯಿಸಿದರೆ ಸಂಶಯ ನಿವಾರಣೆಯಾಗುತ್ತದೆ. ಆದರೆ ಅರ್ಧ ಸೇರನ್ನು ಮೂರರಿಂದ ಭಾಗಿಸೆಂದರೆ ಕಳೆಯುವ ಉಪಾಯ ನಡೆಯದು. ಅಲ್ಲಿ ಭಿನ್ನರಾಶಿಯ ಪಾಠವೇ ಬೇಕು. ಮೆಟ್ಟಿಲು ಮಾಳಿಗೆಯಲ್ಲ. ಹಾಗೆಂದು ಮೆಟ್ಟಿಲಿಲ್ಲದೆ ಮಾಳಿಗೆಗೆ ಹಾರಲು ಮಕ್ಕಳಿಗೆ ಹೇಳಬಹುದೇ?

ಗೃಹಸ್ಥರಲ್ಲಿ ನನ್ನ ಬಿನ್ನಹ ಇಷ್ಟೇ. ದಿನಕ್ಕೆ ಕಾಲುಗಂಟೆ ಸಾಕು. ಒಂದು ವಾರದವರೆಗೆ ಬೀಜ, ಹರಳು, ಅಡಿಗೆಮನೆಯ ಪಾವು ಇವುಗಳಿಂದಲೇ ಲೆಕ್ಕ ನಡೆಯಲಿ. ಮಗು ಒಂದೊಂದಾಗಿ ಕಳೆದರೆ ಅವಸರಪಡಿಸಬೇಡಿ. ಕಂತೆಯಾಗಿ ಕಳೆದರೆ ತಡೆಯಬೇಡಿ. ಕೊನೆಯಲ್ಲಿ ತೆಗೆದುದನ್ನೆಲ್ಲ ಮತ್ತೆ ಕೂಡಿಸಿ, ಶೇಷವನ್ನೂ ಸೇರಿಸಿ, ಮೊದಲಿನ ರಾಶಿ ಬಂದಿತೇ ಎಂದು ಅದರ ಕೈಯಿಂದಲೇ ತಾಳೆ ನೋಡಿಸಿ. ತನ್ನ ಲೆಕ್ಕ ಸರಿಯೆಂದು ಇತರರ ಮುಖ ನೋಡದೆ ತಾನೇ ಹೇಳಬಲ್ಲ ಮಗುವನ್ನು ಯಾವ ತೀರ್ಪೂ ಹೆದರಿಸಲಾರದು. "ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನಂತೂ ದಯವಿಟ್ಟು ಆಡಬೇಡಿ. ಮನೆಯಲ್ಲಿ ಕಳೆಯಬೇಕಾದದ್ದು ಬಹಳವಿರಬಹುದು. ಮಗುವಿನ ಧೈರ್ಯ ಅವುಗಳಲ್ಲಿ ಸೇರಿದುದಲ್ಲ.